ಐವತ್ತನಾಲ್ಕು ನಿಮಿಷ ಮುಂಚೆ

“ಇದನ್ನ ನನಗ್ಯಾಕೆ ತೋರಿಸ್ದೆ, ಪುಟ್ಟಿ?”

ಹೆಗಲ ಮೇಲೆ ನಕ್ಷತ್ರ, ಸೊಂಟದಲ್ಲಿ ಪಿಸ್ತೂಲು, ಬಾಗಿಲಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳು ಇರುವಾಗ ‘ಪುಟ್ಟಿ’ ಎಂದು ಕರೆಸಿಕೊಳ್ಳುವುದು ಯಾವ ಇನ್‌ಸ್ಪೆಕ್ಟರ್‌ಗೂ ಹಿತವಾದ ಸಂಗತಿಯಲ್ಲ. ಆದರೆ ಕರೆದವರು ಸೋದರಮಾವ, ಅಕ್ಕನ ಜೊತೆ ಇದೇ ಇನ್‌ಸ್ಪೆಕ್ಟರ್ ಮನೆಯಲ್ಲಿ ಇರುವವರು. ಎತ್ತಿ ಆಡಿಸಿದವರ ಮೇಲೆ ಹಾಕಲು ಕಾನೂನಿನಲ್ಲಿ ಸೆಕ್ಷನ್ ಇಲ್ಲ.

“ಓದಿ ಹೇಳಿ ಮಾವ. ಅದಕ್ಕೇ ತಾನೇ ಕರೆಸಿದ್ದು.”

ಮಾವ ಮೂವತ್ತೊಂದು ವರ್ಷ ವಿಮಾನ ಕಂಪನಿಯೊಂದರಲ್ಲಿ ದಾರಿ ಹಾಕಿಕೊಟ್ಟವರು. ಹಾರಿಸುವುದು ಪೈಲಟ್ಟಾದರೂ ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಇಂಧನ ಹೊತ್ತು ಹಾರಬೇಕೆಂದು ನೆಲದ ಮೇಲೆ ಕುಳಿತ ಒಬ್ಬರು ಬರೆದುಕೊಡಬೇಕು. ಆ ಒಬ್ಬರು ಇವರು. ಮೇಲೆ ಬೀಸುವ ಗಾಳಿಯ ಲೆಕ್ಕದಲ್ಲಿ ಇವರನ್ನು ಮೀರಿಸಿದವರಿರಲಿಲ್ಲವಾದ್ದರಿಂದ ಕಂಪನಿಯಲ್ಲಿ ‘ಗಾಳಿ ಗುರುಗಳು’ ಎಂದೇ ಹೆಸರಾಗಿದ್ದರು. ಸ್ವತಃ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಹೋಟೆಲಿನ ಅಡುಗೆಯವನು ಅದೇ ಹೋಟೆಲಿನಲ್ಲಿ ಉಣ್ಣುವುದಿಲ್ಲ ಎನ್ನುವುದು ಅವರ ಸಮಜಾಯಿಷಿ.

ನಕ್ಷೆ ಮುದ್ರಣಾಲಯದ ಯಜಮಾನರು ತಲೆಯ ಹಿಂಬದಿಗೆ ಪೆಟ್ಟು ಬಿದ್ದು, ತಮ್ಮದೇ ಕಾಗದದ ಉಗ್ರಾಣದ ಮೆಟ್ಟಿಲ ಬುಡದಲ್ಲಿ ಸತ್ತು ಇಂದಿಗೆ ಒಂಬತ್ತು ದಿನ. ಒಳಗಿನ ಲಾಕಪ್ಪಿನಲ್ಲಿದ್ದವರು ಅವರ ಮುದ್ರಣ ಯಂತ್ರ ನಡೆಸುವ ಮೆಷಿನ್ ಮೇಷ್ಟ್ರು.

ಮೇಷ್ಟ್ರ ಮೇಲೆ ಅನುಮಾನ ಬರಲು ಎರಡು ಕಾರಣ. ಹಿಂದಿನ ದಿನ ಯಜಮಾನರು ಹಳೆಯ ಮುದ್ರಣ ಯಂತ್ರವನ್ನು ಗುಜರಿಗೆ ಹಾಕುತ್ತೇನೆ ಎಂದಾಗ ಮೇಷ್ಟ್ರು, “ಮೊದಲು ನಿಮ್ಮನ್ನ ಹಾಕ್ತೀನಿ” ಎಂದಿದ್ದರು. ಹನ್ನೊಂದು ಜನ ಕೇಳಿಸಿಕೊಂಡಿದ್ದರು. ಅದಕ್ಕಿಂತ ಗಟ್ಟಿ ಕಾರಣ, ಯಜಮಾನರ ಮಗಳ ಮಾತು. ಅಂದು ಮುದ್ರಣಾಲಯಕ್ಕೆ ವಾರದ ರಜೆ. ಮನೆ, ಮುದ್ರಣಾಲಯ ಎರಡಕ್ಕೂ ಇರುವುದು ಒಂದೇ ಗೇಟು. ಒಂಬತ್ತರಿಂದ ಹನ್ನೊಂದರವರೆಗೆ ತಾನು ಮುಂದಿನ ಕೋಣೆಯ ಕಿಟಕಿಯಲ್ಲೇ ಕೂತಿದ್ದೆ, ಎಣ್ಣೆ ಹಾಕಲು ಬಂದ ಮೇಷ್ಟ್ರ ಹೊರತು ಯಾರೂ ಗೇಟು ದಾಟಲಿಲ್ಲ ಎಂದು ಆಕೆ ಬರೆಸಿದ್ದಳು. ಯಜಮಾನರು ಹತ್ತೂವರೆಗೆ ಕಾಗದದ ವ್ಯಾಪಾರಿಯ ಜೊತೆ ಫೋನಿನಲ್ಲಿ ಮಾತಾಡಿದ್ದರು. ಹನ್ನೊಂದಕ್ಕೆ, ಗಂಡನನ್ನು ಕರೆತರಲು ಮಗಳು ಹೊರಟ ಬೆನ್ನಿಗೇ, ಪಕ್ಕದ ಮನೆಯವರಿಗೆ ಹೆಣ ಸಿಕ್ಕಿತ್ತು. ನಡುವೆ ಇದ್ದವರು ಮೇಷ್ಟ್ರು ಮಾತ್ರ.

ಮೂರು ಗಂಟೆಗೆ ಅವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಅಲ್ಲಿಂದ ದೊಡ್ಡ ಜೈಲಿಗೆ ಕಳಿಸಬೇಕಿತ್ತು. ಮೇಷ್ಟ್ರಿಗೆ ಅರವತ್ತೆಂಟು. ಉಬ್ಬಸ. ಪರೀಕ್ಷೆ ಮಾಡಿದ ವೈದ್ಯರು ಬೆಳಿಗ್ಗೆ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು, “ಅಲ್ಲಿಗೆ ಹೋದ್ರೆ ಈ ಮನುಷ್ಯ ವಿಚಾರಣೆ ತನಕ ಇರಲ್ಲ” ಎಂದಿದ್ದರು.

ಒಂಬತ್ತು ದಿನದಲ್ಲಿ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. ಮೆಷಿನ್‌ಗೆ ಎಣ್ಣೆ ಯಾರು ಹಾಕ್ತಿದಾರೆ? ಕೊಂದವನು ಕೇಳುವ ಪ್ರಶ್ನೆ ಇದಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನೆಲ್ಲ ಸಾಕ್ಷಿಯ ಪಟ್ಟಿಗೆ ಸೇರಿಸಲು ಬರುವುದಿಲ್ಲ.

ಮಾವನ ಕೈಯಲ್ಲಿದ್ದದ್ದು ಯಜಮಾನರ ಅಳಿಯನ ಹೇಳಿಕೆ. ಅಂದು ಬೆಳಿಗ್ಗೆ ಒಂಬತ್ತಕ್ಕೆ ರಾಜಧಾನಿಯಿಂದ ವಿಮಾನದಲ್ಲಿ ಹೊರಟೆ, ಹನ್ನೊಂದೂ ಇಪ್ಪತ್ತೈದಕ್ಕೆ ಇಲ್ಲಿ ಇಳಿದೆ, ಹೆಂಡತಿ ಕಾರು ತಂದಿದ್ದಳು, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕೇ ಸಾಲು.

“ಅಚ್ಚುಕಟ್ಟಾಗಿದೆ,” ಎಂದರು ಮಾವ. ಹೊಗಳಿಕೆಯಂತೆ ಕೇಳಿಸಲಿಲ್ಲ.

“ನಾನೂ ತಾಳೆ ಹಾಕಿದೀನಿ ಸಾರ್,” ಎಂದರು ಠಾಣೆಯ ರೈಟರ್. ಹೇಳಿಕೆಗಳನ್ನು ಬರೆದುಕೊಳ್ಳುವುದು ಅವರ ಕೆಲಸ, ಬರೆದುಕೊಂಡದ್ದನ್ನು ನಂಬುವುದು ಅಭ್ಯಾಸ. “ಎರಡೂ ಊರಿನ ಹೆಸರು ಹಾಕಿದ್ರೆ ಫೋನಲ್ಲೇ ಬರುತ್ತೆ. ಸಾವಿರದ ನೂರ ಎಂಬತ್ತನಾಲ್ಕು ಕಿಲೋಮೀಟರು. ಹಾರೋಕೆ ಎರಡು ಗಂಟೆ ಇಪ್ಪತ್ತೈದು ನಿಮಿಷ. ಕರೆಕ್ಟಾಗಿದೆ.”

“ಭಾಗಿಸಿ ನೋಡಿದ್ರಾ?”

“ಏನನ್ನ ಸಾರ್?”

“ದೂರಾನ ಸಮಯದಿಂದ. ಗಂಟೆಗೆ ಐನೂರು ಕಿಲೋಮೀಟರೂ ಬರಲ್ಲ. ಅಷ್ಟು ನಿಧಾನಕ್ಕೆ ನಮ್ಮ ಕಂಪನಿ ಬಡ್ತಿ ಕೊಡ್ತಿತ್ತು, ವಿಮಾನ ಹಾರಿಸ್ತಿರಲಿಲ್ಲ.”

ರೈಟರ್ ಫೋನನ್ನು ತಿರುಗಿಸಿ, ತಪ್ಪು ಅದರದ್ದೇ ಇರಬೇಕೆಂಬಂತೆ ನೋಡಿದರು.

“ಆ ದೂರ ಗ್ಲೋಬಿನ ಮೇಲೆ ದಾರ ಹಿಡಿದು ಎಳೆದದ್ದು,” ಎಂದರು ಮಾವ. “ಆ ಸಮಯ ಕಂಪನಿಯ ವೇಳಾಪಟ್ಟಿದು. ಒಂದಕ್ಕೂ ಒಂದಕ್ಕೂ ಸಂಬಂಧ ಇಲ್ಲ. ಒಬ್ಬರ ಫೋಟೋ ಕೆಳಗೆ ಇನ್ನೊಬ್ಬರ ತೂಕ ಬರೆದ ಹಾಗೆ. ದಾರಿ ಮಧ್ಯೆ ಸೈನ್ಯದೋರು ಫಿರಂಗಿ ಹಾರಿಸಿ ಅಭ್ಯಾಸ ಮಾಡೋ ಜಾಗ ಇದೆ. ಅದನ್ನ ಸುತ್ತಿ ಬರೋಕೆ ಇನ್ನೂರೈವತ್ತು ಕಿಲೋಮೀಟರು ಹೆಚ್ಚು. ಅದರ ಮೇಲೆ, ತಡ ಆಯ್ತು ಅಂತ ಯಾರೂ ಬೈಬಾರ್ದು ಅಂತ ಇಪ್ಪತ್ತು ನಿಮಿಷ ಕೈಯಿಂದ ಸೇರಿಸಿರ್ತಾರೆ. ವೇಳಾಪಟ್ಟಿ ಅನ್ನೋದು ಬೈಗುಳದ ವಿರುದ್ಧ ಮಾಡಿಸಿದ ವಿಮೆ.”

“ಇರಬಹುದು ಮಾವ. ಆದ್ರೆ ನಾನು ಕಂಪನಿಗೇ ಬರೆದು ಕೇಳಿದೀನಿ. ಉತ್ತರ ಕೆಳಗಡೆ ಹಾಳೇಲಿದೆ.”

ಮಾವ ಕೆಳಗಿನ ಹಾಳೆ ಎತ್ತಿಕೊಂಡರು. ಮೊಹರು, ಸಹಿ, ಒಂದೇ ಸಾಲು: ಸದರಿ ವಿಮಾನವು ಸಕಾಲದಲ್ಲಿ ತಲುಪಿರುತ್ತದೆ.

ಅವರು ಅದನ್ನು ಓದಲು ಒಂದು ಸಾಲಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ತೆಗೆದುಕೊಂಡರು. ಒಳಗಿನಿಂದ ಮೇಷ್ಟ್ರ ಉಸಿರು ಕೇಳುತ್ತಿತ್ತು, ಸವೆದ ಗರಗಸದಿಂದ ಯಾರೋ ಒದ್ದೆ ಮರ ಕೊಯ್ಯುತ್ತಿರುವ ಹಾಗೆ.

“ನೀನು ಏನಂತ ಕೇಳಿದ್ದೆ?”

“ವಿಮಾನ ಸಮಯಕ್ಕೆ ಸರಿಯಾಗಿ ಬಂತಾ ಅಂತ.”

“ಹಾಗಾದ್ರೆ ಅವರದ್ದು ತಪ್ಪಿಲ್ಲ. ಅವರ ನಮೂನೆಯಲ್ಲಿ ಇರೋದೇ ಎರಡು ಕಾಲಂ. ಸಕಾಲ, ವಿಳಂಬ. ಮುಂಚೆ ಬಂದದ್ದಕ್ಕೆ ಕಾಲಂ ಇಲ್ಲ ಪುಟ್ಟಿ. ಮುಂಚೆ ಬಂದ್ರೆ ಯಾರೂ ದೂರು ಕೊಡಲ್ಲ, ಅದಕ್ಕೆ. ಐದು ನಿಮಿಷ ಮುಂಚೆ ಬಂದ್ರೂ ಸಕಾಲ, ಒಂದು ಗಂಟೆ ಮುಂಚೆ ಬಂದ್ರೂ ಸಕಾಲ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ.

“ಅವತ್ತು ಎಷ್ಟು ಮುಂಚೆ ಬಂದಿತ್ತು?”

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. “ಹೋಗಿ ನೋಡಿದ್ರೆ ಗೊತ್ತಾಗುತ್ತೆ,” ಎಂದರು.

*

ನೂರಾರು ವಿಮಾನಗಳಿಗೆ ಆಕಾಶದಲ್ಲಿ ದಾರಿ ಹಾಕುವ ಆ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ. ಹೊರಗೆ ಬಿಸಿಲೋ ಮೋಡವೋ ತಿಳಿಯಬೇಕಾದರೆ ಅಲ್ಲಿನವರು ಪರದೆಯನ್ನೇ ನೋಡಬೇಕು.

“ಗುರುಗಳೇ! ಕೆಲಸ ಬಿಟ್ಟ ಮೇಲೂ ಬಂದ್ರಲ್ಲ. ಮನೇಲಿ ಗಾಳಿ ಸಾಲ್ತಿಲ್ವಾ?” ಎಂದು ಎದ್ದು ಬಂದಾಕೆ ಆ ಹೊತ್ತಿನ ಪಾಳಿಯ ಮುಖ್ಯಸ್ಥೆ. ಹಿಂದೆ ಮಾವನ ಕೈಕೆಳಗೆ ಕೆಲಸ ಕಲಿತವಳು. ಇನ್‌ಸ್ಪೆಕ್ಟರರ ಸಮವಸ್ತ್ರ ಕಂಡ ಮೇಲೆ ನಗು ತಂತಾನೇ ಅರ್ಧಕ್ಕೆ ನಿಂತಿತು.

ಅಂದಿನ ಹಾಳೆ ತೆಗೆಸಲು ಮುಕ್ಕಾಲು ಗಂಟೆ ಹಿಡಿಯಿತು. ಹಾಳೆ ಎಲ್ಲಿದೆಯೆಂದು ಗೊತ್ತಿತ್ತು. ಅದನ್ನು ಕೊಡಲು ಅನುಮತಿ ಕೊಡುವವರು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಅವರು ಊಟಕ್ಕೆ ಹೋಗಿದ್ದರು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತ ಕೂತರು. ಮಾವ ಅಭ್ಯಾಸ ಬಲದಿಂದ ಪಕ್ಕದ ಪರದೆಯ ಗಾಳಿಯ ಬಾಣಗಳನ್ನು ಓದುತ್ತ ಕೂತರು. ಒಮ್ಮೆ ಯಾವುದನ್ನೋ ಬೆರಳಿನಿಂದ ಅಳೆದು, ತುಟಿಯಲ್ಲೇ ಲೆಕ್ಕ ಹಾಕಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಹಾಳೆ ಬಂತು.

“ಅವತ್ತು ಎಲ್ಲಾ ಕೂಡಿ ಬಂದಿತ್ತು ಮೇಡಂ,” ಎಂದಳು ಮುಖ್ಯಸ್ಥೆ. “ಸೈನ್ಯದವರ ಅಭ್ಯಾಸ ಇರಲಿಲ್ಲ, ನೇರ ದಾರಿ ಕೊಟ್ಟಿದ್ರು. ಪ್ರಯಾಣಿಕರು ಬೇಗ ಹತ್ತಿದ್ರು, ಎಂಟೂ ಐವತ್ತಕ್ಕೇ ಬಾಗಿಲು ಹಾಕಿದ್ರು. ಹಿಂದಿನಿಂದ ಗಾಳಿ ಗಂಟೆಗೆ ನೂರೈವತ್ತು ಕಿಲೋಮೀಟರು. ತಳ್ಳಿಕೊಂಡೇ ಬಂದುಬಿಡ್ತು. ಇಲ್ಲಿ ಬಾಗಿಲು ತೆಗೆದದ್ದು...” ಬೆರಳು ಕೆಳಗಿಳಿಯಿತು. “ಹತ್ತೂ ಮೂವತ್ತೊಂದು.”

ಹನ್ನೊಂದೂ ಇಪ್ಪತ್ತೈದಕ್ಕೆ ಬರಬೇಕಾದ ವಿಮಾನ. ಐವತ್ತನಾಲ್ಕು ನಿಮಿಷ ಮುಂಚೆ.

ವಿಮಾನ ನಿಲ್ದಾಣದಿಂದ ಮುದ್ರಣಾಲಯಕ್ಕೆ ಕಾರಿನಲ್ಲಿ ಹದಿನೈದು ನಿಮಿಷ. ಯಜಮಾನರು ಕೊನೆಯ ಬಾರಿ ಫೋನು ಇಟ್ಟದ್ದು ಹತ್ತೂವರೆಗೆ, ಹೆಣ ಸಿಕ್ಕಿದ್ದು ಹನ್ನೊಂದಕ್ಕೆ. ಲೆಕ್ಕಕ್ಕೆ ರೈಟರ್ ಫೋನಿನ ಸಹಾಯವೂ ಬೇಕಾಗಲಿಲ್ಲ.

“ಅವನ ಫೋನು ಆನ್ ಆಗಿದ್ದು ಹನ್ನೊಂದೂ ಇಪ್ಪತ್ನಾಲ್ಕಕ್ಕೆ,” ಎಂದರು ಇನ್‌ಸ್ಪೆಕ್ಟರ್, ತಮಗೆ ತಾವೇ ಹೇಳಿಕೊಳ್ಳುವಂತೆ. “ಆಗ ತಾನೇ ಇಳಿದಿದ್ದಾನೆ ಅಂದ್ಕೊಂಡೆ.”

“ಚಕ್ರ ನೆಲ ಮುಟ್ಟೋ ಮುಂಚೆ ಫೋನು ಆನ್ ಮಾಡೋ ಜನ ಮೇಡಂ,” ಎಂದಳು ಮುಖ್ಯಸ್ಥೆ. “ಒಂದು ಗಂಟೆ ಆಫ್ ಇಟ್ಕೊಂಡು ಕೂತೋರನ್ನ ನಾನು ಕಂಡಿಲ್ಲ.”

ಇನ್‌ಸ್ಪೆಕ್ಟರ್ ಹಾಳೆಯ ನಕಲನ್ನು ಮಡಚಿ ಜೇಬಿಗಿಟ್ಟರು. ಕಾರಿನತ್ತ ನಡೆಯುವಾಗ ಅವರ ಹೆಜ್ಜೆಯಲ್ಲಿ ಒಂಬತ್ತು ದಿನದಿಂದ ಇಲ್ಲದ ಬಿರುಸು ಇತ್ತು.

“ಮೇಷ್ಟ್ರು ಬಚಾವ್, ಮಾವ.”

“ಆಗಲಿ,” ಎಂದರು ಮಾವ. “ಆ ಮನುಷ್ಯ ಮನೆಗೆ ಹೋದ್ರೆ ಸಾಕು. ಯಾರು ಏನಾದ್ರೂ ಆಗಲಿ.”

*

ಮುದ್ರಣಾಲಯದ ಮನೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ. ಎಲ್ಲೆಡೆ ನಕ್ಷೆ. ಊಟದ ಕೋಣೆಯಲ್ಲಿ ಸಮುದ್ರದ ಆಳ, ನಡುಮನೆಯಲ್ಲಿ ರಸ್ತೆಗಳ ಉದ್ದ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಎರಡು ಭೂಖಂಡ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರವೆಂದು ನಾಲ್ಕು ತಲೆಮಾರಿಗೆ ಅಚ್ಚು ಹಾಕಿಕೊಟ್ಟ ಮನೆಯಲ್ಲಿ ಗಂಡ ಹೆಂಡತಿ ಮೇಜಿನ ಎರಡು ತುದಿಯಲ್ಲಿ ಕೂತಿದ್ದರು. ಆ ದೂರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ವರ್ಷದಿಂದ ಇಬ್ಬರೂ ಬೇರೆ ಬೇರೆ ಇದ್ದರೆಂದು ಓಣಿಗೆಲ್ಲ ಗೊತ್ತು. ಹೆಣ ಎತ್ತಲು ಅಳಿಯ ಬಂದದ್ದೇ ದೊಡ್ಡದು ಎಂದು ಅಕ್ಕಪಕ್ಕದವರು ಮಾತಾಡಿಕೊಂಡಿದ್ದರು.

ಮಾವ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ತೀರಿಹೋದವರ ಇಪ್ಪತ್ತು ವರ್ಷದ ಸ್ನೇಹಿತರು. ವಿಮಾನದ ದೂರಗಳ ಅಂಕಿಗಳನ್ನು ಪ್ರತಿ ವರ್ಷ ತಿದ್ದಿಕೊಟ್ಟವರು. ಆ ಕುರ್ಚಿ ಅವರ ಮೈಗೆ ಒಗ್ಗಿಹೋಗಿತ್ತು. ಠಾಣೆಯಿಂದ ಬಂದಿದ್ದ ರೈಟರ್ ಮೇಜಿನ ನಡುಭಾಗಕ್ಕೆ ಕೂತು ಹಾಳೆ ಬಿಚ್ಚಿದರು. ಗಂಟೆ ಒಂದೂ ನಲವತ್ತು.

“ನಿಮ್ಮ ಪ್ರಯಾಣ ಹೇಗಿತ್ತು?” ಎಂದು ಇನ್‌ಸ್ಪೆಕ್ಟರ್ ಅಳಿಯನನ್ನು ಕೇಳಿದರು.

“ಯಾವ ಪ್ರಯಾಣ?”

“ಒಂಬತ್ತು ದಿನದ ಹಿಂದಿನದು. ಎರಡು ಗಂಟೆ ಇಪ್ಪತ್ತೈದು ನಿಮಿಷ ಹಾರಿದ್ದು.”

“ಎಲ್ಲಾ ಹೇಳಿದೀನಲ್ಲ ಮೇಡಂ. ಒಂಬತ್ತಕ್ಕೆ...”

“ಎಂಟೂ ಐವತ್ತಕ್ಕೆ ಬಾಗಿಲು ಹಾಕಿದ್ರು. ನಿಮಗೆ ಗೊತ್ತಾಗಲಿಲ್ವಾ?”

ಅಳಿಯ ಹೆಂಡತಿಯ ಕಡೆ ನೋಡಲಿಲ್ಲ. ನೋಡದೆ ಇರಲು ಅವನು ಪಟ್ಟ ಕಷ್ಟ ಮಾತ್ರ ಎಲ್ಲರಿಗೂ ಕಂಡಿತು.

“ಹತ್ತೂ ಮೂವತ್ತೊಂದಕ್ಕೆ ಇಲ್ಲಿ ಬಾಗಿಲು ತೆಗೆದ್ರು,” ಎಂದು ಇನ್‌ಸ್ಪೆಕ್ಟರ್ ಹಾಳೆಯನ್ನು ಮೇಜಿನ ಮೇಲೆ ಹರಡಿದರು. “ನೀವು ಸಿಕ್ಕಿಕೊಂಡಿದ್ದು ಎಲ್ಲಿ ಗೊತ್ತಾ? ವಿಮಾನದೊಳಗೆ ಕೂತಿದ್ದೋರು ಯಾರೂ ಹನ್ನೊಂದೂ ಇಪ್ಪತ್ತೈದು ಅನ್ನಲ್ಲ. ಮುಂಚೆ ಬಂದ್ವಿ ಅಂತ ಹತ್ತು ಜನಕ್ಕೆ ಹೇಳ್ಕೊಂಡು ತಿರುಗ್ತಾರೆ. ಆ ಸಮಯ ಹೇಳೋದು ಟಿಕೆಟ್ ನೋಡ್ಕೊಂಡು ಸುಳ್ಳು ಹೆಣೆದೋರು ಮಾತ್ರ. ಹತ್ತೂ ಮೂವತ್ತೊಂದಕ್ಕೆ ಇಳಿದ್ರಿ, ಫೋನು ಆಫ್ ಇಟ್ಕೊಂಡ್ರಿ. ಹತ್ತೂ ಐವತ್ತಕ್ಕೆ ಇಲ್ಲಿದ್ರಿ. ಕಿಟಕಿಯಲ್ಲಿದ್ದ ಹೆಂಡತಿ ನಿಮ್ಮನ್ನ ಕಂಡೂ ಮುಚ್ಚಿಟ್ರು. ಕೆಲಸ ಮುಗಿಸಿ ವಾಪಸ್ ಹೋಗಿ, ಆಗ ತಾನೇ ಬಂದೋರ ಹಾಗೆ ಹೆಂಡತಿ ಕಾರು ಹತ್ತಿದ್ರಿ.”

“ಇಲ್ಲ.”

“ಠಾಣೇಲಿ ಒಬ್ಬ ಮುದುಕ ಉಸಿರು ಸಿಕ್ಕದೆ ಒದ್ದಾಡ್ತಿದ್ದಾನೆ, ನೀವು ಮಾಡಿದ್ದಕ್ಕೆ.”

“ನಾನು ಮಾಡಿಲ್ಲ ಮೇಡಂ. ಹಾಗೆ ಮಾಡ್ಬೇಕು ಅಂದ್ರೆ ವಿಮಾನ ಬೇಗ ಬರುತ್ತೆ ಅಂತ ಮೊದಲೇ ಗೊತ್ತಿರ್ಬೇಕು. ಮೇಲೆ ಹೋದ್ಮೇಲೆ ಪೈಲಟ್ ಹೇಳಿದಾಗ್ಲೇ ನನಗೆ ಗೊತ್ತಾಗಿದ್ದು.”

“ಹಾಗಾದ್ರೆ ಆ ಒಂದು ಗಂಟೆ ಎಲ್ಲಿದ್ರಿ?”

ಅವನು ಮೇಜಿನ ಮೇಲಿನ ಹಾಳೆಯನ್ನು ತಿರುಗಿಸಿ ನೋಡಿ ಕೆಳಗಿಟ್ಟ. ರೈಟರ್ ಪೆನ್ನು ಕಾಯುತ್ತಿತ್ತು.

“ಎದ್ದೇಳಿ,” ಎಂದರು ಇನ್‌ಸ್ಪೆಕ್ಟರ್. “ಮೂರು ಗಂಟೆಗೆ ಮೇಷ್ಟ್ರ ಬದಲು ನಿಮ್ಮನ್ನ ನಿಲ್ಲಿಸ್ತೀನಿ.”

ಅಳಿಯ ನಿಜಕ್ಕೂ ಎದ್ದ. ಆ ಎದ್ದ ರೀತಿಯಲ್ಲಿ ಒಂಥರಾ ಒಪ್ಪಿಗೆಯಿತ್ತು, ಶಾಲೆಯಲ್ಲಿ ಇನ್ನೊಬ್ಬರ ತಪ್ಪಿಗೆ ಬೆಂಚಿನ ಮೇಲೆ ನಿಲ್ಲುವ ಹುಡುಗನ ಹಾಗೆ.

“ಕೂತ್ಕೊ,” ಎಂದಳು ಹೆಂಡತಿ.

ಒಂಬತ್ತು ದಿನದಲ್ಲಿ ಅವಳು ಗಂಡನಿಗೆ ಬೇರೆಯವರೆದುರು ಆಡಿದ ಮೊದಲ ಮಾತು ಅದು.

“ನೀನು ಸುಮ್ನಿರು,” ಎಂದ ಅವನು.

“ನಿನಗೆ ಸುಮ್ನಿರೋದೊಂದು ಬರುತ್ತೆ. ಮದುವೆ ಆದಾಗಿಂದ ಅದೇ ತಾನೇ ಮಾಡಿದ್ದು. ಕೂತ್ಕೊ ಅಂದೆ.”

ಅವಳು ಒಳಗೆ ಹೋಗಿ ಕೈಚೀಲ ತಂದಳು. ಅದರೊಳಗಿಂದ ಬೆರಳಗಲದ ಒಂದು ಚೀಟಿ ತೆಗೆದು ವಿಮಾನದ ಹಾಳೆಯ ಪಕ್ಕದಲ್ಲಿ ಇಟ್ಟಳು. ವಿಮಾನ ನಿಲ್ದಾಣದಲ್ಲಿ ಕಾರು ನಿಲ್ಲಿಸಿದ ಚೀಟಿ. ಕಾರಿನ ನಂಬರು ಅವಳದ್ದು. ಒಳಗೆ ಹೋದದ್ದು ಹತ್ತು ಗಂಟೆ ಎಂಟು ನಿಮಿಷ. ಹೊರಗೆ ಬಂದದ್ದು ಹನ್ನೊಂದೂ ಮೂವತ್ತು.

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು.

“ಹನ್ನೊಂದರ ತನಕ ಕಿಟಕಿಯಲ್ಲಿ ಕೂತಿದ್ದೆ ಅಂದ್ರಿ.”

“ಹೌದು, ಅಂದೆ.”

“ಸುಳ್ಳು.”

“ಸುಳ್ಳು.” ಅವಳು ನಿಂತೇ ಇದ್ದಳು. “ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಹೊರಟೆ. ಇವರು ಇಳಿದ್ಮೇಲೆ ಅಲ್ಲೇ ಕಾರೊಳಗೆ ಕೂತು ಮಾತಾಡಿದ್ವಿ. ಮತ್ತೆ ಒಟ್ಟಿಗಿರೋಣ ಅಂತ ಕೇಳೋಕೆ ಬಂದಿದ್ರು. ಇವರು ಈ ಮನೆ ಹೊಸಿಲು ತುಳಿದ್ರೆ ನನಗೆ ಮಗಳೇ ಇಲ್ಲ ಅಂದಿದ್ರು ಅಪ್ಪ. ಅದಕ್ಕೆ ಅಪ್ಪನಿಗೆ ಹೇಳದೆ ಹೋದೆ. ಫೋನು ಆಫ್ ಮಾಡಿಸಿದ್ದು ನಾನೇ, ಅರ್ಧ ಮಾತಲ್ಲಿ ಎತ್ಕೊಂಡುಬಿಡ್ತಾರೆ ಅಂತ. ಹನ್ನೊಂದೂಕಾಲಿಗೆ ಪಕ್ಕದ ಮನೆಯೋರು ನನಗೆ ಫೋನು ಮಾಡಿದ್ರು. ಆಮೇಲೆ ಇವರೂ ಆನ್ ಮಾಡಿದ್ರು.”

“ಒಬ್ಬರನ್ನ ಜೈಲಿಗೆ ಕಳಿಸೋವಷ್ಟು ದೊಡ್ಡ ಗುಟ್ಟಾ ಇದು?”

“ಅಪ್ಪ ಸಾಯ್ತಿರೋವಾಗ ನಾನು ಕಾರಲ್ಲಿ ಕೂತು ಗಂಡನ ಜೊತೆ ಜಗಳ ಆಡ್ತಿದ್ದೆ ಅಂತ ಹೇಳ್ಬೇಕಿತ್ತಾ ಮೇಡಂ? ಬಾಯಿಗೆ ಬರಲಿಲ್ಲ. ಮನೇಲೇ ಇದ್ದೆ ಅಂದೆ. ಯಾರಾದ್ರೂ ಬಂದ್ರಾ ಅಂದ್ರಿ. ಇಲ್ಲ ಅಂದೆ. ಒಂದು ಸುಳ್ಳು ಹೇಳಿದ್ಮೇಲೆ ಎರಡನೇದು ತಾನಾಗೇ ಬಂತು. ಅದು ಮೇಷ್ಟ್ರ ಕುತ್ತಿಗೆಗೆ ಬೀಳುತ್ತೆ ಅಂತ ಗೊತ್ತಾಗೋ ಹೊತ್ತಿಗೆ ಮೂರು ದಿನ ಆಗಿತ್ತು.” ಅವಳು ಕೈಚೀಲದ ಬಾಯಿ ಮುಚ್ಚಿದಳು. “ಸೈಕಲ್ ಕಲಿಸಿದ್ದು ಅವರೇ ನನಗೆ.”

ರೈಟರ್ ತಲೆ ಎತ್ತದೆ ಬರೆಯುತ್ತಿದ್ದರು. ಅಳಿಯ ತಲೆ ತಗ್ಗಿಸಿದ್ದ.

ಇನ್‌ಸ್ಪೆಕ್ಟರ್ ಆಗಲೇ ಮನಸ್ಸಿನಲ್ಲಿ ಲೆಕ್ಕ ಮುಗಿಸಿದ್ದರು. ಹತ್ತಕ್ಕೆ ಹತ್ತರಿಂದ ಹನ್ನೊಂದರ ತನಕ ಗೇಟಿಗೆ ಕಾವಲಿರಲಿಲ್ಲ. ಯಾರು ಬೇಕಾದರೂ ಬರಬಹುದಿತ್ತು. ಮೇಷ್ಟ್ರ ಮೇಲಿನ ಆಪಾದನೆ ನಿಂತಿದ್ದ ಒಂದೇ ಕಾಲು ಮುರಿದಿತ್ತು. ಜೊತೆಗೆ ಅಳಿಯನ ಮೇಲಿನದ್ದೂ. ಒಂದೇ ಚೀಟಿ ಮೂವರನ್ನು ಬಿಡಿಸಿತ್ತು.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಲೆಕ್ಕದಲ್ಲಿ ಒಂದು ಅಂಕಿ ಹೊರಗೇ ಉಳಿದಿತ್ತು.

“ನಿಮ್ಮ ಗಂಡನಿಗೆ ವಿಮಾನ ಬೇಗ ಬರೋದು ಗೊತ್ತಾಗಿದ್ದು ಆಕಾಶದಲ್ಲಿ,” ಎಂದರು ನಿಧಾನವಾಗಿ. “ಆಗ ಫೋನು ಮಾಡೋ ಹಾಗಿಲ್ಲ. ಹನ್ನೊಂದೂ ಇಪ್ಪತ್ತೈದರ ವಿಮಾನಕ್ಕೆ ನೀವು ಹತ್ತೂ ಎಂಟಕ್ಕೇ ಹೋಗಿ ನಿಂತಿದ್ದೀರ. ನಿಮಗೆ ಹೇಳಿದ್ದು ಯಾರು?”

ಮಗಳು ಮೊದಲ ಬಾರಿಗೆ ತಬ್ಬಿಬ್ಬಾದಳು. ಇನ್‌ಸ್ಪೆಕ್ಟರನ್ನು ನೋಡಿದಳು. ಅವರ ಭುಜದ ಮೇಲಿಂದ ಕಿಟಕಿಯ ಕಡೆ ನೋಡಿದಳು.

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ,” ಎಂದಳು. “ನಿಮ್ಮ ಮಾವನೇ ತಾನೇ. ಬೆಳಿಗ್ಗೆ ಏಳಕ್ಕೆ ಫೋನು ಮಾಡಿದ್ರು. ‘ಮೇಲೆ ಗಾಳಿ ಚೆನ್ನಾಗಿದೆ ಮಗಳೇ, ನಿನ್ನ ಗಂಡನ ವಿಮಾನ ಒಂದು ಗಂಟೆ ಮುಂಚೆ ಬರುತ್ತೆ, ಹತ್ತಕ್ಕೆಲ್ಲ ಅಲ್ಲಿರು’ ಅಂದ್ರು.”

ಬೆತ್ತದ ಕುರ್ಚಿ ಕಿರುಗುಟ್ಟಲಿಲ್ಲ. ಅದರಲ್ಲಿದ್ದವರು ಅಲುಗಾಡಿರಲಿಲ್ಲ.

“ನಿಮ್ಮ ಗಂಡ ಬರೋ ವಿಷಯ ನೀವು ಅವರಿಗೆ ಹೇಳಿದ್ರಾ?” ಇನ್‌ಸ್ಪೆಕ್ಟರ್‌ಗೆ ತಮ್ಮ ದನಿ ಯಾರದ್ದೋ ದನಿಯಂತೆ ಕೇಳಿಸಿತು.

“ಇಲ್ಲ. ಅವರಿಗೆ ಹೇಗೆ ಗೊತ್ತಾಯ್ತು ಅಂತ ನನಗೂ ಆಶ್ಚರ್ಯ ಆಯ್ತು. ನಾನು ಹೇಳಿದ್ದು ಒಬ್ಬರಿಗೇ. ನನ್ನ ಹಳೇ ಟೀಚರ್‌ಗೆ. ನಿಮ್ಮ...”

“ಸಾಕು ಮಗಳೇ,” ಎಂದರು ಮಾವ.

ಇನ್‌ಸ್ಪೆಕ್ಟರ್ ತಿರುಗಿದರು. ಚಿಕ್ಕಂದಿನಲ್ಲಿ ಗಾಳಿಪಟ ಕಟ್ಟಿಕೊಡುತ್ತಿದ್ದ ಆ ಎರಡು ಕೈಗಳು ಮೊಣಕಾಲ ಮೇಲೆ ಕೂತಿದ್ದವು, ನಿಗದಿಯಾದ ಜಾಗಕ್ಕೆ ಬಂದು ತಲುಪಿದ ಹಾಗೆ.

“ಬೆಳಿಗ್ಗೆಯಿಂದ ನನ್ನ ಜೊತೆ ಇದ್ದೀರ, ಮಾವ.”

“ಇದ್ದೆ.”

“ಒಂಬತ್ತು ದಿನದಿಂದ ಒಂದೇ ಮನೇಲಿ ಊಟ ಮಾಡ್ತಿದೀವಿ.”

“ಮಾಡ್ತಿದೀವಿ. ಮೇಷ್ಟ್ರ ಉಸಿರು ಕೇಳೋ ತನಕ ಬಾಯಿ ಬಿಡಬಾರದು ಅಂತಲೇ ಇದ್ದೆ. ಕೇಳಿದ ಮೇಲೆ ಆಗಲಿಲ್ಲ. ಆ ಹಾಳೆ ತೋರಿಸಿದ್ರೆ ನೀನು ಇಲ್ಲಿ ತನಕ ಬರ್ತೀಯ ಅಂತ ಗೊತ್ತಿತ್ತು. ಇನ್ನೂ ಸ್ವಲ್ಪ ನಿಧಾನಕ್ಕೆ ಬರ್ತೀಯ ಅಂದ್ಕೊಂಡಿದ್ದೆ, ಅಷ್ಟೇ.”

“ಈ ಮನೆ ಗೇಟು ಖಾಲಿ ಇರ್ಬೇಕು ಅಂತಲೇ ಫೋನು ಮಾಡಿದ್ರಾ?”

“ಗೇಟು ಖಾಲಿ ಇರ್ಬೇಕು ಅಂತ ನನಗೆ ಗೊತ್ತಿರಲಿಲ್ಲ. ಪಾಪ, ಗಂಡ ಹೆಂಡತಿ ಒಂದು ಗಂಟೆ ನೆಮ್ಮದಿಯಾಗಿ ಮಾತಾಡ್ಕೊಳ್ಳಲಿ ಅನ್ನೋದು ಮಾತ್ರ ನನಗೆ ಹೇಳಿದ್ದ ಕಾರಣ.”

“ಹೇಳಿದ್ದು ಯಾರು?”

ಮಾವ ಉತ್ತರಿಸುವ ಮುಂಚೆ ರೈಟರ್ ಕಡೆ ನೋಡಿದರು. ಆಮೇಲೆ ಸೋದರಸೊಸೆಯ ಕಡೆ. ಆ ಎರಡು ನೋಟದ ನಡುವಿನ ಬಿಡುವಿನಲ್ಲಿ, ನಿಲ್ಲಿಸು ಎಂದಿದ್ದರೆ ಅವರು ನಿಲ್ಲಿಸುತ್ತಿದ್ದರು. ಇನ್‌ಸ್ಪೆಕ್ಟರ್‌ಗೆ ಅದು ಗೊತ್ತಿತ್ತು. ಮೂರು ಗಂಟೆಗೆ ಇನ್ನು ನಲವತ್ತು ನಿಮಿಷ ಇರುವುದೂ ಗೊತ್ತಿತ್ತು. ಹೇಳಿಕೆ ಅರ್ಧಕ್ಕೆ ನಿಂತರೆ ಚೀಟಿಯೂ ಅರ್ಧ ಸಾಕ್ಷಿ. ಮೇಷ್ಟ್ರು ದೊಡ್ಡ ಜೈಲಿಗೆ ಹೋಗುತ್ತಾರೆ.

ಇನ್‌ಸ್ಪೆಕ್ಟರ್ ನಿಲ್ಲಿಸು ಎನ್ನಲಿಲ್ಲ.

“ನಮ್ಮಕ್ಕ,” ಎಂದರು ಮಾವ. “ನಿಮ್ಮಮ್ಮ.”

ರೈಟರ್ ಬರೆಯುತ್ತಿದ್ದ ಸಾಲು ಅಲ್ಲೇ ನಿಂತಿತು.

ಇನ್‌ಸ್ಪೆಕ್ಟರ್ ರೈಟರ್ ಕಡೆ ತಿರುಗಿದರು. “ಬರ್ಕೊಳ್ಳಿ,” ಎಂದರು.

“ವಿಳಾಸ, ಮೇಡಂ?” ರೈಟರ್‌ಗೆ ಬೇರೇನು ಕೇಳಬೇಕೆಂದು ತೋಚಲಿಲ್ಲ.

ಇನ್‌ಸ್ಪೆಕ್ಟರ್ ತಮ್ಮ ಮನೆಯ ವಿಳಾಸ ಹೇಳಿದರು. ಮನೆ ನಂಬರು, ಅಡ್ಡರಸ್ತೆ, ಅಂಚೆ ಸಂಖ್ಯೆ, ಒಂದೂ ಬಿಡದೆ. ಆಮೇಲೆ ಫೋನು ತೆಗೆದರು.

“ಮನೆಗೆ ಮಾಡ್ಬೇಡ ಪುಟ್ಟಿ. ಅಲ್ಲಿ ಯಾರೂ ಇಲ್ಲ. ಅವಳು ಯಾಕೆ ಕೊಂದ್ಲೋ ನನಗೂ ಹೇಳಿಲ್ಲ.” ಮಾವ ಕಿಟಕಿಯ ಹೊರಗೆ, ಮನೆಗಳ ಮೇಲಿನ ಖಾಲಿ ಆಕಾಶದ ಕಡೆ ನೋಡುತ್ತಿದ್ದರು. “ಒಂದೂ ಕಾಲಿನ ವಿಮಾನ. ರಾಜಧಾನಿಗೆ. ಪಟ್ಟಿ ಪ್ರಕಾರ ಮೂರೂ ನಲವತ್ತಕ್ಕೆ ಇಳಿಬೇಕು. ಇವತ್ತು ಪೂರ್ತಿ ಎದುರುಗಾಳಿ, ಬೆಳಿಗ್ಗೆ ನೋಡಿದೀನಿ. ನಾಲ್ಕಕ್ಕೆ ಹತ್ತು ನಿಮಿಷದ ಮುಂಚೆ ಅವಳು ಕೆಳಗಿಳಿಯಲ್ಲ. ಅಲ್ಲಿ ಯಾರನ್ನ ನಿಲ್ಲಿಸ್ಬೇಕೋ ನಿಲ್ಲಿಸು. ನಿನಗಿರೋದು ಒಂದೂವರೆ ಗಂಟೆ.”